ಫೋಮ್ ಅಂಟ್ಸೋದು ಸುಲಭ, ಅದರ ಮೇಲೆ ಏನ್ ಹಾಕ್ತೀರ ಅನ್ನೋದೇ ಕೆಲಸ

ಬಿಸಿಲಿನ ಕಾವು ಒಳಗೆ ಬರದೇ ಇರ್ಲಿ ಅಂತ ಮನೆಯ ಪಶ್ಚಿಮದ ಗೋಡೆಗೆ ಹೊರಗಡೆಯಿಂದ ಥರ್ಮಾಕೋಲ್ ಥರದ ಫೋಮ್ ಬೋರ್ಡ್ ಹಾಕ್ಸಿದೀವಿ ಅಂತ ಗೊತ್ತಾದೋರೆಲ್ಲ ಕೇಳೋದು ಒಂದೇ ಪ್ರಶ್ನೆ, ಎಷ್ಟು ಇಂಚು? ಎರಡು ಅಂದ್ರೆ ಅಯ್ಯೋ ಅಷ್ಟೇನಾ, ಮೂರು ಹಾಕ್ಸಿಬಿಡಬೇಕಿತ್ತು ಅಂತಾರೆ. ಮೇಲೆ ಏನ್ ಬಳಿಸಿದ್ರಿ, ಕಿಟಕಿ ಹತ್ರ ನೀರು ಹೆಂಗೆ ತಡೆದ್ರಿ, ಕೆಳಗಡೆ ಎಲ್ಲಿಗೆ ನಿಲ್ಲಿಸಿದ್ರಿ ಅಂತ ಕೇಳಿದೋರು ಒಬ್ರೂ ಇಲ್ಲ. ದುಡ್ಡು ಹೋಗೋದೂ ಅಲ್ಲೇ, ಮೇಸ್ತ್ರಿ ಜೊತೆ ವಾದ ಆಗೋದೂ ಅಲ್ಲೇ, ಐದು ವರ್ಷ ಆದ್ಮೇಲೆ ಗೋಡೆ ನೆಟ್ಟಗಿರುತ್ತೋ ಇಲ್ವೋ ಅನ್ನೋದು ತೀರ್ಮಾನ ಆಗೋದೂ ಅಲ್ಲೇ. ಅದಕ್ಕೇ ಇಂಚಿನ ಲೆಕ್ಕ ಬೇಗ ಮುಗಿಸಿ ಮಿಕ್ಕಿದ್ದನ್ನ ಸ್ವಲ್ಪ ವಿವರವಾಗಿ ಬರೀತೀನಿ.

ಮೊದ್ಲೇ ಹೇಳ್ಬಿಡ್ತೀನಿ, ತಾರಸಿ ಹಾಗೇ ಬಿಟ್ಟು ಗೋಡೆಗೆ ಕೈ ಹಾಕ್ಬೇಡಿ. ಮೈಸೂರು ಇರೋದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ 22-23ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಆಗಸ್ಟ್ 20ರ ಹತ್ರ ಇನ್ನೊಂದು ಸಲ. ಅಂದ್ರೆ ಬೇಸಿಗೇಲಿ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿಲು ತಿನ್ನೋದು ತಾರಸಿ. ನಮ್ಮದಕ್ಕೆ ವಾಟರ್‌ಪ್ರೂಫಿಂಗ್ ಮೇಲೆ ಎಕ್ಸ್‌ಪಿಎಸ್ ಅನ್ನೋ ಗಟ್ಟಿ ಫೋಮ್ ಬೋರ್ಡ್ ಹಾಸಿ ಮೇಲೆ ಕಾಂಕ್ರೀಟ್ ಸ್ಕ್ರೀಡು (ಸಮ ಮಾಡೋ ಪದರ), ಬಿಳೀ ಟೈಲ್ಸು ಹಾಕ್ಸಿ ಆಗಿತ್ತು. ಅದಾದ್ಮೇಲೂ ಉಳಿದಿದ್ದು ಪಶ್ಚಿಮದ ಮಲಗೋ ರೂಮು. ಆ ಕಡೆ ಸೈಟಲ್ಲಿ ಮನೆ ಇಲ್ಲ ಮರ ಇಲ್ಲ, ಮಧ್ಯಾಹ್ನ ಎರಡರ ಮೇಲೆ ಸೂರ್ಯ ಇಳಿದು ಓರೆಯಾಗಿ ಬರೋದ್ರಿಂದ ಸಜ್ಜಾ ಇದ್ರೂ ಗೋಡೆಗೆ ನೆರಳು ಬೀಳಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮಧ್ಯಾಹ್ನ ಪೂರ್ತಿ ಕಾದು ಅದನ್ನ ನಿಧಾನಕ್ಕೆ ರಾತ್ರಿ ಒಂಬತ್ತು ಹತ್ತು ಗಂಟೆಗೆ, ಸರಿಯಾಗಿ ನಾವು ಮಲಗೋ ಹೊತ್ತಿಗೆ, ಒಳಗೆ ಬಿಡುತ್ತೆ. ಫೋಮನ್ನ ಒಳಗಡೆ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ, ಆಗುತ್ತೆ, ಆದ್ರೆ ಆವಾಗ ಇಟ್ಟಿಗೆ ಕಾಯೋದು ಕಾಯ್ತಾನೇ ಇರುತ್ತೆ, ರೂಮೂ ಚಿಕ್ಕದಾಗುತ್ತೆ, ಒಂದು ಮೊಳೆ ಹೊಡೆಯೋದೂ ಕಷ್ಟ. ಹೊರಗೆ ಹಾಕಿದ್ರೆ ಗೋಡೆಗೇ ಬಿಸಿಲು ಮುಟ್ಟಲ್ಲ.

ಅಂದಹಾಗೆ ಮರ ಬೆಳೆಸೋ ಜಾಗ ಇದ್ರೆ ಇದ್ಯಾವುದೂ ಬೇಡ, ಎರಡು ಹೊಂಗೆ ಗಿಡ ಹಾಕಿ ಸಾಕು. ನಮಗೆ ಆ ಜಾಗ ಇರಲಿಲ್ಲ.

ಈಗ ಇಂಚು. ಎರಡೂ ಕಡೆ ಪ್ಲಾಸ್ಟರಿಂಗ್ ಆಗಿರೋ ಒಂಬತ್ತು ಇಂಚಿನ ಗೋಡೆ ಮೂಲಕ ಹರಿಯೋ ಶಾಖನ 100 ಅಂತ ಇಟ್ಕೊಳ್ಳಿ. ಬಿಳೀ ಇಪಿಎಸ್, ಅಂದ್ರೆ ನಮ್ಮ ಥರ್ಮಾಕೋಲೇ, ಒಂದು ಇಂಚು ಹಾಕಿದ್ರೆ ಅದು ಸುಮಾರು 40ಕ್ಕೆ ಇಳಿಯುತ್ತೆ. ಎರಡು ಇಂಚಿಗೆ 27ರ ಹತ್ರ. ಮೂರು ಇಂಚಿಗೆ 20. ಮೊದಲನೇ ಇಂಚು 60 ಉಳಿಸ್ತು, ಮೂರನೇ ಇಂಚು ಉಳಿಸಿದ್ದು ಬರೀ ಏಳು. ಹಿಮ ಬೀಳೋ ದೇಶದಲ್ಲಿ ಆ ಏಳಕ್ಕೂ ಬೆಲೆ ಇದೆ, ವರ್ಷಕ್ಕೆ ಆರು ತಿಂಗಳು ಹೀಟರ್ ಉರಿಸೋರು ಅವ್ರು. ಮೈಸೂರಲ್ಲಿ ಮಾರ್ಚಿಂದ ಮೇವರೆಗಿನ ಸೆಕೆಗೆ ಎರಡು ಇಂಚು ಧಾರಾಳ ಆಯ್ತು, ಮೂರನೇ ಇಂಚಿನ ದುಡ್ಡನ್ನ ಒಳ್ಳೇ ಮೆಶ್‌ಗೆ (ಪ್ಲಾಸ್ಟರ್ ಒಳಗೆ ಕೂರೋ ಬಲೆ), ಬೇಸ್ ಕೋಟ್‌ಗೆ (ಫೋಮ್ ಮೇಲೆ ಬಳಿಯೋ ಸಿಮೆಂಟಿನ ತೆಳು ಪದರ), ಸೀಲೆಂಟ್‌ಗೆ (ಸಂದಿ ಮುಚ್ಚೋ ಅಂಟು) ಹಾಕೋದೇ ಸರಿ ಅನ್ನೋದು ನನ್ ಲೆಕ್ಕ.

ಯಾಕಂದ್ರೆ ಫೋಮ್ ಅನ್ನೋದು ಗೋಡೆ ಮೇಲೆ ಬರೀ ಮೈಯಲ್ಲಿ ಬದುಕೋ ವಸ್ತು ಅಲ್ಲ. ಬಿಸಿಲಲ್ಲಿ ಕೆಲವು ವಾರ ಬಿಟ್ರೆ ಮೇಲ್ಮೈ ಹಳದಿ ಆಗಿ ಪುಡಿಪುಡಿ ಆಗುತ್ತೆ, ಕೈ ಒರೆಸಿದ್ರೆ ಹಿಟ್ಟು ಅಂಟ್ಕೊಳ್ಳುತ್ತೆ, ಆ ಹಿಟ್ಟಿನ ಮೇಲೆ ಏನೇ ಬಳಿದ್ರೂ ಹಿಡಿಯಲ್ಲ. ಅಂಥ ಬೋರ್ಡನ್ನ ಮರಳುಕಾಗದ ಹಿಡಿದು ಉಜ್ಜಿ ಹಳದಿ ತೆಗೆದೇ ಮುಂದಿನ ಕೆಲಸ. ಆದ್ರಿಂದ ಬೋರ್ಡ್ ಒಂದೇ ಸಲ ತಂದು ತಾರಸಿ ಮೇಲೆ ಪೇರಿಸಿ ಇಡೋದು, ಅರ್ಧ ಗೋಡೆಗೆ ಅಂಟ್ಸಿ ಮೇಸ್ತ್ರಿ ಊರಿಗೆ ಹಬ್ಬಕ್ಕೆ ಹೋಗೋದು, ಎರಡೂ ಆಗ್ಬಾರ್ದು. ಆಮೇಲೆ ಸುಮಾರು 75-80 ಡಿಗ್ರಿ ದಾಟಿದ್ರೆ ಪಾಲಿಸ್ಟೈರೀನ್, ಅಂದ್ರೆ ಈ ಫೋಮ್ ಮಾಡಿರೋ ಪ್ಲಾಸ್ಟಿಕ್, ಮೆತ್ತಗಾಗೋಕೆ ಶುರು. ಪೆಟ್ರೋಲು, ಥಿನ್ನರು, ರಬ್ಬರ್ ಸಲ್ಯೂಷನ್ ತಾಗಿದ್ರಂತೂ ಕರಗಿ ಗುಂಡಿ ಬೀಳುತ್ತೆ. ಈ ವಿಷಯ ನಮ್ಮೂರಲ್ಲಿ ಯಾರಿಗೆ ಚೆನ್ನಾಗಿ ಗೊತ್ತು ಅಂದ್ರೆ ದಸರಾ ಸ್ತಬ್ಧಚಿತ್ರ ಮಾಡೋ ಹುಡುಗ್ರಿಗೆ. ಜಂಬೂಸವಾರಿಗೆ ಮುಂಚೆ ದೊಡ್ಡ ದೊಡ್ಡ ಥರ್ಮಾಕೋಲ್ ಬ್ಲಾಕನ್ನ ಬಿಸಿ ತಂತೀಲಿ ಕೊಯ್ದು ಗೋಪುರ, ಆನೆ ಎಲ್ಲಾ ಮಾಡ್ತಾರಲ್ಲ, ಅವ್ರು ಎಣ್ಣೆ ಪೇಂಟು ಹತ್ರಕ್ಕೂ ಸೇರ್ಸಲ್ಲ, ನೀರಲ್ಲಿ ಕಲಸೋ ಎಮಲ್ಷನ್ನು, ಬಿಳೀ ಗೋಂದು ಅಷ್ಟೇ. ನಮ್ ಬೀದೀಲಿ ಒಬ್ರು ಆ ಕೆಲಸದೋರಿದಾರೆ. ಬೋರ್ಡ್ ಸಂದಿಗೆ ಹಾಕೋಕೆ ಅಂತ ನಾನು ತಂದಿಟ್ಟಿದ್ದ ಟ್ಯೂಬ್ ನೋಡಿ "ಸಾರ್, ಒಂದು ತುಂಡಿನ ಮೇಲೆ ಹಾಕಿ ರಾತ್ರಿ ಪೂರ್ತಿ ಬಿಟ್ಟು ನೋಡಿ, ಆಮೇಲೆ ಗೋಡೆಗೆ" ಅಂದ್ರು. ಯಾವುದೇ ಅಂಟು, ಪ್ರೈಮರು, ಸೀಲೆಂಟ್ ತಂದ್ರೂ ಇದೊಂದು ಪರೀಕ್ಷೆ ಮಾಡಿ ನೋಡಿ, ಐದು ಪೈಸೆ ಖರ್ಚಿಲ್ಲ.

ಗಾರೆ ಮೇಸ್ತ್ರಿಗೆ ಮೊದಲ ದಿನ ತೋರಿಸಿದಾಗ ಅವ್ರು ಹೇಳಿದ್ದು, "ಇದೇನ್ ದೊಡ್ ವಿಷ್ಯ ಸಾರ್, ಚಿಕನ್ ಮೆಶ್ ಹೊಡ್ದು ಮುಕ್ಕಾಲಿಂಚು ಪ್ಲಾಸ್ಟರ್ ಎಳ್ದುಬುಡ್ತೀನಿ". ಚಿಕನ್ ಮೆಶ್ ಅಂದ್ರೆ ಕೋಳಿಗೂಡಿಗೆ ಹಾಕೋ ತಂತಿ ಬಲೆ. ನಮ್ ಕಡೆ ಬಹಳ ಕಡೆ ಆಗೋದೂ ಇದೇ. ಇದರ ತೂಕ ಲೆಕ್ಕ ಹಾಕಿ. ಇಪ್ಪತ್ತು ಮಿಲಿಮೀಟರ್ ಸಿಮೆಂಟ್ ಗಾರೆ ಅಂದ್ರೆ ಚದರ ಮೀಟರ್‌ಗೆ ಹತ್ರ ಹತ್ರ 40 ಕೆಜಿ. ಹತ್ತಡಿ ಎತ್ತರ ಇಪ್ಪತ್ತಡಿ ಉದ್ದದ ಗೋಡೆಗೆ ಏಳುನೂರು ಕೆಜಿ ಮೇಲೆ ಬಂತು, ಅಷ್ಟೂ ಫೋಮ್ ಮೇಲೆ ನೇತಾಡ್ಬೇಕು. ಬರೀ ಸಿಮೆಂಟು ಮರಳಿನ ಗಾರೆ ಪಾಲಿಸ್ಟೈರೀನಿಗೆ ಕಚ್ಕೊಳ್ಳಲ್ಲ, ಮೆಶ್ ಹಿಡಿಯೋಕೆ ಸಾಲುಸಾಲು ಕಬ್ಬಿಣದ ಮೊಳೆ ಹೊಡೀಬೇಕು, ಪ್ರತಿ ಮೊಳೆನೂ ಬಿಸಿನ ಒಳಗೆ ಸಾಗಿಸೋ ದಾರಿ, ಜೊತೆಗೆ ತೆಳ್ಳನೆ ಚಿಕನ್ ಮೆಶ್ ಒಂದು ಬಿರುಕಲ್ಲಿ ನೀರು ಇಳಿದ್ರೆ ತುಕ್ಕು ಹಿಡಿದು ಉಬ್ಬುತ್ತೆ. ನಾನು ಅದು ಬೇಡ, ಮೆಶ್ ಇಟ್ಟು ತೆಳ್ಳಗೆ ಬೇಸ್ ಕೋಟ್ ಬಳೀರಿ ಸಾಕು ಅಂದೆ. ಅವರಿಗೆ ಅದು ಇಷ್ಟ ಆಗ್ಲಿಲ್ಲ, ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡ್ತಿರೋರಿಗೆ ಐದು ಮಿಲಿಮೀಟರ್ ಬಳೀರಿ ಅಂದ್ರೆ ಪುಟ್ಟಿ ಹಾಕೋ ಹುಡುಗನ ಕೆಲಸ ಕೊಟ್ಟಂಗೆ ಆಗುತ್ತೆ. ಕೊನೆಗೆ ಕಾಂಪೌಂಡ್ ಗೋಡೆ ಮೇಲೆ ಒಂದು ತುಂಡು ಬೋರ್ಡ್ ಅಂಟ್ಸಿ ಸ್ಯಾಂಪಲ್ ಮಾಡ್ಸಿದ್ವಿ, ಒಣಗಿದ್ಮೇಲೆ ಅವರೇ ಕರಣೆ ಹಿಡೀಲಿ ಕುಟ್ಟಿ ನೋಡಿ ಒಪ್ಕೊಂಡ್ರು.

ತೆಳು ಪದರದ ಈ ಪದ್ಧತಿ ಯುರೋಪಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಎರಡನೇ ಮಹಾಯುದ್ಧದ ನಂತರ ಬೆಳೆದಿದ್ದು. ಹೊಸದೇನಲ್ಲ, ನಮ್ಮ ಮನೆಗಳಿಗೆ ಮಾತ್ರ ಹೊಸದು. ಬೋರ್ಡ್ ಆಯ್ಕೆಯಿಂದ ಹೇಳ್ತೀನಿ. ಗೋಡೆಗೆ ಇಪಿಎಸ್ಸೇ ಸಾಕು, ಆದ್ರೆ ಟಿವಿ ಪ್ಯಾಕಿಂಗಲ್ಲಿ ಬರೋ ಹಗುರದ್ದಲ್ಲ, ಘನ ಮೀಟರ್‌ಗೆ 20 ಕೆಜಿಗೆ ಕಮ್ಮಿ ಇಲ್ಲದ ಡೆನ್ಸಿಟಿ, ಬೆಂಕಿ ನಿಧಾನ ಮಾಡೋ ಎಫ್‌ಆರ್ ಗ್ರೇಡು, ಬಿಲ್ಲಲ್ಲಿ ಐಎಸ್ 4671 (ಇದಕ್ಕಿರೋ ಭಾರತೀಯ ಮಾನದಂಡ) ಅಂತ ಬರೆಸಿಕೊಳ್ಳಿ. ನೀಲಿ, ಗುಲಾಬಿ ಬಣ್ಣದಲ್ಲಿ ಬರೋ ಎಕ್ಸ್‌ಪಿಎಸ್ ನೀರು ಕುಡಿಯೋದು ಕಮ್ಮಿ, ಗಟ್ಟಿ, ಆದ್ರೆ ಅದರ ಮೈ ನುಣುಪು, ಬೇಸ್ ಕೋಟ್ ಜಾರುತ್ತೆ. ಅದನ್ನ ಹಾಕೋದಾದ್ರೆ ಉಜ್ಜಿ ಒರಟು ಮಾಡಿರೋದು ತಗೊಳ್ಳಿ, ಇಲ್ಲಾಂದ್ರೆ ವೈರ್ ಬ್ರಷ್ ಹಿಡಿದು ನೀವೇ ಒರಟು ಮಾಡ್ಬೇಕು. ನಾನು ಕೆಳಗಿನ ಎರಡಡಿ ಪಟ್ಟಿಗೆ ಮಾತ್ರ ಎಕ್ಸ್‌ಪಿಎಸ್ ಹಾಕ್ಸಿದೆ, ಮಳೆ ಎರಚಲು ಹೊಡಿಯೋದು ಅಲ್ಲಿಗೇ.

ಹಳೇ ಗೋಡೆಗೆ ಅಂಟ್ಸೋದಾದ್ರೆ ಅಂಟು ಹಿಡಿಯೋದು ಗೋಡೆನಲ್ಲ, ಗೋಡೆ ಮೇಲಿರೋ ಪೇಂಟನ್ನ. ಪೇಂಟ್ ಕಿತ್ತು ಬಂದ್ರೆ ಬೋರ್ಡೂ ಬಂತು. ಉದುರೋ ಪೇಂಟು, ಸುಣ್ಣ ಎಲ್ಲಾ ಕೆರೆದು, ತೊಳೆದು, ಒಣಗಿಸಿ ಆಮೇಲೆ ಪಾಲಿಮರ್ ಸೇರಿರೋ ಸಿಮೆಂಟ್ ಅಂಟು. ಬೋರ್ಡಿನ ಹಿಂದೆ ನಾಲ್ಕೂ ಅಂಚಿಗೆ ಸುತ್ತಲೂ ಒಂದು ಕಟ್ಟೆ, ಮಧ್ಯೆ ಮೂರು ಗುಡ್ಡೆ. ಬರೀ ಗುಡ್ಡೆ ಮಾತ್ರ ಇಟ್ಟು ಅಂಟ್ಸಿದ್ರೆ ಹಿಂದೆ ಗಾಳಿ ಓಡಾಡುತ್ತೆ, ಆಗ ಇನ್ಸುಲೇಷನ್ ಹಾಕಿದ್ದೂ ಅಷ್ಟಕ್ಕಷ್ಟೇ, ಬೆಂಕಿ ಬಿದ್ರೂ ಅದೇ ದಾರಿ. ಬೋರ್ಡುಗಳನ್ನ ಇಟ್ಟಿಗೆ ಕಟ್ಟಿದಂಗೆ ಸಂದಿ ತಪ್ಪಿಸಿ ಜೋಡಿಸ್ಬೇಕು. ಸಂದಿಗೆ ಗಾರೆ ತುಂಬಬಾರ್ದು, ಮೇಸ್ತ್ರಿಗಳು ಕೈ ಅಭ್ಯಾಸಕ್ಕೆ ತುಂಬಿಬಿಡ್ತಾರೆ, ನಿಂತು ನೋಡಿ. ಅಲ್ಲಿ ಫೋಮಿನದೇ ಚೂರು ಇಲ್ಲಾ ಪಿಯು (ಪಾಲಿಯುರೆಥೇನ್) ಫೋಮ್ ಸ್ಪ್ರೇ ತುಂಬಿ, ಉಬ್ಬಿದ್ದನ್ನ ಮಾರನೇ ದಿನ ಕೊಯ್ದು ಸಮ ಮಾಡ್ಬೇಕು. ಅಂಟು ಗಟ್ಟಿಯಾದ್ಮೇಲೆ ಅಗಲ ತಲೆಯ ಪ್ಲಾಸ್ಟಿಕ್ ಆಂಕರ್, ಚದರ ಮೀಟರ್‌ಗೆ ಆರರ ಲೆಕ್ಕ, ಉದ್ದ ಎಷ್ಟಿರಬೇಕು ಅಂದ್ರೆ ಫೋಮು, ಅಂಟು, ಹಳೇ ಪ್ಲಾಸ್ಟರ್ ಎಲ್ಲಾ ದಾಟಿ ಇಟ್ಟಿಗೆ ಒಳಗೆ ಎರಡು ಇಂಚು ಹೋಗ್ಬೇಕು. ಹಾಲೋ ಬ್ಲಾಕ್ ಗೋಡೆ ಆದ್ರೆ ಅದಕ್ಕೆ ಬೇರೆ ಆಂಕರೇ ಬರುತ್ತೆ, ಇದು ಅಲ್ಲಿ ಸುಮ್ನೆ ತಿರುಗುತ್ತೆ.

ಮೆಶ್ ವಿಷಯಕ್ಕೆ ಬರೋಣ. ಫೈಬರ್‌ಗ್ಲಾಸ್ ಮೆಶ್ ಚದರ ಮೀಟರ್‌ಗೆ 145ರಿಂದ 160 ಗ್ರಾಂ ತೂಕದ್ದು, ಕ್ಷಾರ ತಡೆಯೋ ಕೋಟಿಂಗ್ ಇರೋದು. ಅಂಗಡೀಲಿ ಕೇಳಿದ್ರೆ ವಾಟರ್‌ಪ್ರೂಫಿಂಗ್‌ಗೆ ಅಂತ ಬರೋ ತೆಳ್ಳಂದು ಕೊಟ್ಟು ಇದೂ ಅದೇ ಅಂತಾರೆ, ಅದು ಅದಲ್ಲ. ಸಿಮೆಂಟಿನ ಕ್ಷಾರ ಸಾಮಾನ್ಯ ಗ್ಲಾಸ್ ನಾರನ್ನ ಕೆಲವೇ ವರ್ಷದಲ್ಲಿ ತಿಂದು ಹಾಕುತ್ತೆ, ಆಮೇಲೆ ಒಳಗೆ ಮೆಶ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಕೆಲಸದೋರು ಮಾಡೋ ಶಾರ್ಟ್‌ಕಟ್ ಏನಂದ್ರೆ ಮೆಶ್ಶನ್ನ ಒಣ ಫೋಮ್ ಮೇಲೆ ಪಿನ್ ಹೊಡೆದು ನಿಲ್ಲಿಸಿ ಅದರ ಮೇಲಿಂದ ಬೇಸ್ ಕೋಟ್ ಎಳೆಯೋದು. ನೋಡೋಕೆ ಒಂದೇ ಥರ ಕಾಣುತ್ತೆ, ಆದ್ರೆ ಕೋಟ್ ಫೋಮಿಗೆ ಸರಿಯಾಗಿ ಹಿಡಿದಿರಲ್ಲ, ಮೆಶ್ ತಳದಲ್ಲಿ ಕೂತಿರುತ್ತೆ, ಬಿರುಕು ಬರೋದು ಮೇಲಿಂದ. ಮೊದಲು ಕೋಟ್ ಬಳಿದು, ಅದು ಹಸಿ ಇರುವಾಗ್ಲೇ ಮೆಶ್ ಅದರೊಳಗೆ ಒತ್ತಿ, ಮತ್ತೆ ಮೇಲೊಂದು ತೆಳು ಕೋಟ್, ಒಟ್ಟು ನಾಲ್ಕೈದು ಮಿಲಿಮೀಟರ್, ಮುಗಿದಾಗ ಮೆಶ್ಶಿನ ಬಣ್ಣ ಕಾಣಬಾರ್ದು. ಒಂದು ಪಟ್ಟಿ ಮೇಲೆ ಇನ್ನೊಂದು ನಾಲ್ಕು ಇಂಚು ಹತ್ತಬೇಕು. ಕೆಳಗಿನ ಆರಡಿಗೆ ಎರಡು ಪದರ ಮೆಶ್ ಹಾಕ್ಸಿ, ಅಲ್ಲಿ ಸ್ಕೂಟರ್ ಹ್ಯಾಂಡಲ್ ಗುದ್ದುತ್ತೆ, ಮಕ್ಕಳ ಕ್ರಿಕೆಟ್ ಬಾಲ್ ಬೀಳುತ್ತೆ, ಗ್ಯಾಸ್ ಸಿಲಿಂಡರ್ ಒರಗಿಸ್ತಾರೆ.

ಪಶ್ಚಿಮದ ಗೋಡೆಯ ಒಂದು ಅನುಕೂಲ, ಬೆಳಗ್ಗೆ ಪೂರ್ತಿ ನೆರಳು. ಬೇಸ್ ಕೋಟನ್ನ ಬಿಸಿಲಲ್ಲಿ ಬಳಿದ್ರೆ ಸಿಮೆಂಟ್ ಗಟ್ಟಿಯಾಗೋಕೆ ಮುಂಚೆನೇ ನೀರು ಹಾರಿ ಪುಡಿ ಉಳಿಯುತ್ತೆ. ಹಿಂದೆ ಫೋಮ್ ಇರೋದ್ರಿಂದ ಬಿಸಿ ಗೋಡೆಗೂ ಹೋಗಲ್ಲ, ಆ ತೆಳು ಪದರ ಒಂದೇ ಕಾಯುತ್ತೆ. ಆದ್ದರಿಂದ ಬೆಳಗ್ಗೆ ಏಳಕ್ಕೆ ಶುರು, ಹನ್ನೊಂದೂವರೆಗೆ ಬಂದ್, ಸಾರ್ವೆ ಮೇಲಿಂದ ಹಸಿರು ನೆಟ್ ಇಳಿಬಿಡೋದು. ಕೂಲಿ ಪೂರ್ತಿ ದಿನದ್ದೇ ಕೊಟ್ವಿ, ಮಿಕ್ಕ ಹೊತ್ತಲ್ಲಿ ಒಳಗಡೆ ಸಣ್ಣಪುಟ್ಟ ಕೆಲಸ ಮಾಡ್ಸಿಕೊಂಡ್ವಿ.

ಕಿಟಕಿ. ಇಲ್ಲಿ ಅವಸರ ಮಾಡ್ಬೇಡಿ. ಬಿರುಕು ಬರೋದು ಕಿಟಕಿಯ ನಾಲ್ಕು ಮೂಲೆಯಿಂದ ಓರೆಯಾಗಿ, ಆದ್ದರಿಂದ ಬೋರ್ಡಿನ ಸಂದಿ ಮೂಲೆಗೆ ಸರಿಯಾಗಿ ಬರಬಾರ್ದು. ಅಲ್ಲಿ ಇಡೀ ಬೋರ್ಡನ್ನ ಎಲ್ ಆಕಾರದಲ್ಲಿ ಕೊಯ್ದು ಕೂರಿಸ್ಬೇಕು, ಮೇಲೆ ಮೂಲೆಗೆ ಅಡ್ಡಡ್ಡ ಒಂದೊಂದು ಮೆಶ್ ತುಂಡು, ಒಂದಡಿ ಉದ್ದದ್ದು, ಪೂರ್ತಿ ಮೆಶ್ ಹಾಕೋಕೆ ಮುಂಚೆ. ಆಮೇಲೆ ಗೋಡೆ ಎರಡು ಇಂಚಿನ ಮೇಲೆ ದಪ್ಪ ಆಯ್ತಲ್ಲ, ಕಿಟಕಿ ಕೆಳಗಿನ ಹಳೇ ಗ್ರಾನೈಟ್ ಹಾಸು, ಅಂದ್ರೆ ಸಿಲ್ಲು, ಈಗ ಗೋಡೆ ಒಳಗೆ ಸೇರ್ಕೊಂಡಿರುತ್ತೆ, ಅದರ ಮೇಲಿಂದ ಇಳಿಯೋ ನೀರು ನೇರ ಫೋಮಿನ ಹಿಂದಕ್ಕೆ. ಅದನ್ನ ತೆಗೆದು ಅಗಲದ್ದು ಹಾಕಿ, ಹೊರಗೆ ಇಳಿಜಾರು ಕೊಟ್ಟು, ಹೊಸ ಗೋಡೆಯಿಂದ ಒಂದೂವರೆ ಇಂಚು ಮುಂದೆ ಬಿಟ್ಟು, ನೀರು ಹಿಂದಕ್ಕೆ ಹರಿಯದೆ ಹನಿಯಾಗಿ ಬೀಳೋಕೆ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊಯ್ಸಿ. ನನ್ನ ಹೆಂಡತಿ ಇದೊಂದು ಖರ್ಚು ಅತಿಯಾಯ್ತು ಅಂದ್ಲು, ಗ್ರಾನೈಟ್ ಚೆನ್ನಾಗೇ ಇದ್ಯಲ್ಲ ಅಂತ. ಅವಳಿಗೆ ನಾನು ಅಮೆರಿಕದ ಕಥೆ ಹೇಳ್ದೆ. ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಅನ್ನೋ ಊರಲ್ಲಿ 1990ರ ದಶಕದ ಮಧ್ಯದಲ್ಲಿ ಇದೇ ಥರ ಫೋಮ್ ಮೇಲೆ ತೆಳು ಪ್ಲಾಸ್ಟರ್ ಮಾಡಿದ್ದ ಮನೆಗಳ ಗೋಡೆ ಬಿಚ್ಚಿ ನೋಡಿದ್ರೆ ಒಳಗಿನ ಮರ ಕೊಳೆತು ಹೋಗಿತ್ತು, ಕೋರ್ಟು ಕೇಸು ಎಲ್ಲಾ ಆಯ್ತು. ನೀರು ನುಗ್ಗಿದ್ದು ಪ್ಲಾಸ್ಟರ್ ಮೂಲಕ ಅಲ್ಲ, ಕಿಟಕಿ ಅಂಚಲ್ಲಿ, ಜೋಡಣೆಗಳಲ್ಲಿ. ಒಳಗೆ ಹೋದ ನೀರಿಗೆ ಆಚೆ ಬರೋಕೆ ದಾರಿ ಇರಲಿಲ್ಲ. ನಮ್ದು ಇಟ್ಟಿಗೆ ಗೋಡೆ, ಕೊಳೆಯಲ್ಲ, ಆದ್ರೆ ಮೇ ತಿಂಗಳಲ್ಲಿ ಗಾಳಿ ಜೊತೆ ಅಡ್ಡ ಹೊಡೆಯೋ ಮಳೆ ನೋಡಿದೀರಲ್ಲ, ಒಳಗೆ ಪೇಂಟ್ ಉಬ್ಬಿ ಪುಟ್ಟಿ ಉದುರೋಕೆ ಅಷ್ಟು ಸಾಕು. ಸಿಲ್ಲು ಬದಲಾಯ್ತು. ಕಿಟಕಿ ಫ್ರೇಮು ಪ್ಲಾಸ್ಟರ್ ಸೇರೋ ಕಡೆ ಪ್ಲಾಸ್ಟರನ್ನ ಫ್ರೇಮಿಗೆ ತಾಗಿಸದೆ ಸಣ್ಣ ಗ್ಯಾಪ್ ಬಿಟ್ಟು ಅದರಲ್ಲಿ ಫೋಮ್ ಹಗ್ಗ ತುರುಕಿ ಮೇಲೆ ಪಿಯು ಸೀಲೆಂಟ್. ಬರೀ ಬಿಳೀ ಸಿಮೆಂಟ್ ಒರೆಸಿ ಮುಚ್ಚಿದ್ರೆ ಒಂದು ಬೇಸಿಗೆಗೆ ಬಿಡುತ್ತೆ.

ತಾರಸಿ ಪ್ಯಾರಾಪೆಟ್ ಮೇಲೂ ಇದೇ ಕಥೆ, ಫೋಮಿನ ಮೇಲ್ತುದಿ ಮುಚ್ಚೋ ಹಾಗೆ ಕಲ್ಲಿನ ಕೋಪಿಂಗ್ (ಪ್ಯಾರಾಪೆಟ್ ತಲೆ ಮೇಲಿನ ಹಾಸು) ಮುಂದೆ ಚಾಚಿರಬೇಕು. ಅಷ್ಟೇ.

ಕೆಳಗಡೆ ಗೆದ್ದಲು. ಗೆದ್ದಲಿಗೆ ಫೋಮ್ ಆಹಾರ ಅಲ್ಲ, ಆದ್ರೆ ಅದಕ್ಕಿಂತ ಒಳ್ಳೇ ಸುರಂಗ ಮಾರ್ಗ ಇನ್ನೊಂದಿಲ್ಲ, ಮಣ್ಣಿಂದ ಹತ್ತಿ ಫೋಮ್ ಒಳಗೇ ಓಡಾಡಿ ಕಿಟಕಿ ಮರಕ್ಕೆ ಸೇರ್ಕೊಂಡ್ರೆ ಹೊರಗೆ ಒಂದು ಗೆರೆನೂ ಕಾಣಲ್ಲ. ಇರುವೆ, ಇಲಿ, ಅಳಿಲು ಕೂಡ ಕೊರೆದು ಗೂಡು ಮಾಡ್ಕೊಳ್ತವೆ. ನೆಲದಿಂದ ಎಂಟು ಇಂಚು ಬಿಟ್ಟು ಮೇಲಿಂದ ಫೋಮ್ ಶುರು ಮಾಡ್ಸಿ, ತಳಕ್ಕೆ ಮೊದಲ ಸಾಲು ಬೋರ್ಡ್ ಕೂರೋ ಅಲ್ಯೂಮಿನಿಯಂ ಪಟ್ಟಿ (ಸ್ಟಾರ್ಟರ್ ಚಾನೆಲ್) ಹಾಕ್ಸಿ, ಮೆಶ್ಶನ್ನ ಅಂಚಿಂದ ಒಳಗೆ ಮಡಿಸಿ ಕೋಟ್ ಮಾಡ್ಸಿ, ಫೋಮ್ ಎಲ್ಲೂ ಬರಿಗಣ್ಣಿಗೆ ಕಾಣಬಾರ್ದು. ಆ ಎಂಟು ಇಂಚು ಬರೀ ಪ್ಲಿಂತ್ (ಗೋಡೆಯ ಬುಡ) ಕಾಣ್ತಿದ್ರೆ ಗೆದ್ದಲಿನ ಮಣ್ಣಿನ ಗೆರೆ ಬಂದಾಗ ಕಣ್ಣಿಗೆ ಬೀಳುತ್ತೆ. ನಂತರ ಅಲ್ಲಿಗೆ ಮಣ್ಣು ತುಂಬಿ ದಾಸವಾಳ ನೆಡ್ತೀನಿ ಅಂತ ಯಾರಾದ್ರೂ ಬಂದ್ರೆ ಒಪ್ಬೇಡಿ, ನಮ್ಮನೇಲಿ ಅಮ್ಮನ ಜೊತೆ ಈ ಮಾತುಕತೆ ಇನ್ನೂ ನಡೀತಿದೆ.

ಪೈಪು, ಕ್ಲಾಂಪು. ಮೈಸೂರಲ್ಲಿ ಸೋಲಾರ್ ನೀರಿನ ಪೈಪ್ ಇಲ್ಲದ ಗೋಡೆ ಹುಡುಕೋದು ಕಷ್ಟ. ಕ್ಲಾಂಪನ್ನ ಫೋಮಿಗೆ ಹೊಡೆದ್ರೆ ನಿಲ್ಲಲ್ಲ, ಉದ್ದ ಸ್ಕ್ರೂ ಹಾಕಿದ್ರೂ ಬಿಗಿ ಮಾಡುವಾಗ ಪ್ಲಾಸ್ಟರ್ ಒಳಗೆ ಕುಸಿಯುತ್ತೆ. ಪೈಪ್, ಎಸಿ ಹೊರಗಿನ ಯೂನಿಟ್, ಬಟ್ಟೆ ಒಣಗಿಸೋ ಹಗ್ಗದ ಕೊಕ್ಕೆ, ಹೊರಗಿನ ಲೈಟು, ಏನೇನು ಬರುತ್ತೆ ಅಂತ ಮೊದ್ಲೇ ಪಟ್ಟಿ ಮಾಡಿ ಆ ಜಾಗಕ್ಕೆ ಫೋಮಿನಷ್ಟೇ ದಪ್ಪದ ಗಟ್ಟಿ ಬ್ಲಾಕ್ ಇಟ್ಟು ಗೋಡೆಗೆ ಬೋಲ್ಟ್ ಮಾಡ್ಸಿ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲದ್ದು, ಪಿವಿಸಿ ವೈರ್ ನೇರ ಪಾಲಿಸ್ಟೈರೀನಿಗೆ ತಾಗಿ ವರ್ಷಗಟ್ಟಲೆ ಇದ್ರೆ ವೈರಿನ ಮೆದುತನ ಕೊಡೋ ರಾಸಾಯನಿಕ ಫೋಮಿಗೆ ಹರಿದು ವೈರಿನ ಮೇಲ್ಪದರ ಪೆಡಸಾಗಿ ಒಡೆಯುತ್ತೆ. ವೈರ್ ಎಲ್ಲಾ ಕಾಂಡ್ಯೂಟ್ ಪೈಪ್ ಒಳಗೇ ಹೋಗ್ಲಿ.

ಬೆಂಕಿ ವಿಷಯ ಮುಚ್ಚಿಡೋದು ಸರಿಯಲ್ಲ. ಎಫ್‌ಆರ್ ಗ್ರೇಡ್ ಅಂದ್ರೆ ಬೇಗ ಹತ್ತಲ್ಲ ಅಂತ, ಉರಿಯಲ್ಲ ಅಂತಲ್ಲ. ಪಾಲಿಸ್ಟೈರೀನ್ ಕರಗಿ ಹನಿಹನಿಯಾಗಿ ಉರೀತಾ ಬೀಳುತ್ತೆ, ಹೊಗೆ ಕಪ್ಪು. ಅದರ ರಕ್ಷಣೆ ಅಂದ್ರೆ ಮೇಲಿನ ಮೆಶ್ ಸಮೇತದ ಪದರ, ಎಲ್ಲೂ ಒಂದು ಅಂಚೂ ಬಿಡದೆ ಮುಚ್ಚಿರೋದು. ಅಡುಗೆಮನೆ ಎಕ್ಸಾಸ್ಟ್ ಸುತ್ತ, ಗ್ಯಾಸ್ ಗೀಸರ್ ಹೊಗೆ ಕೊಳವೆ ಸುತ್ತ ಫೋಮ್ ಬೇಡ, ಅಲ್ಲಿ ರಾಕ್‌ವೂಲ್ (ಕಲ್ಲಿನ ನಾರಿನ) ಬೋರ್ಡ್ ಹಾಕಿ, ಅದು ಉರಿಯಲ್ಲ, ಅದರ ಮೇಲೂ ಇದೇ ಮೆಶ್ ಇದೇ ಕೋಟ್ ನಡೆಯುತ್ತೆ. ಹಲವು ಮಹಡಿ ಅಪಾರ್ಟ್‌ಮೆಂಟಿಗೆ ಈ ಪೋಸ್ಟ್ ನೋಡಿ ಕೆಲಸ ಶುರು ಮಾಡ್ಬೇಡಿ, ಅದಕ್ಕೆ ಬೇರೆ ನಿಯಮ, ಬೇರೆ ಎಂಜಿನಿಯರ್ ಬೇಕು.

ಮಂಡ್ಯದಲ್ಲಿ ನಮ್ಮ ಭಾವ ಇದನ್ನ ಬೇರೆ ಥರ ಮಾಡಿದಾರೆ. ಫೋಮ್ ಮೇಲೆ ಜಿಐ ಚಾನೆಲ್ ನಿಲ್ಲಿಸಿ ಒಂದು ಇಂಚು ಗಾಳಿ ಸಂದಿ ಬಿಟ್ಟು ಸಿಮೆಂಟ್ ಫೈಬರ್ ಬೋರ್ಡ್ ಸ್ಕ್ರೂ ಮಾಡ್ಸಿದಾರೆ. ಒಳಗೆ ನೀರು ಹೋದ್ರೂ ಕೆಳಗೆ ಇಳಿದು ಹೋಗುತ್ತೆ, ಬೋರ್ಡ್ ಕಾದ ಬಿಸಿ ಸಂದಿಯ ಗಾಳಿ ಜೊತೆ ಮೇಲೆ ಹೋಗುತ್ತೆ, ನಿಜ ಹೇಳ್ಬೇಕಂದ್ರೆ ನಮ್ಮ ಪದ್ಧತಿಗಿಂತ ಜಾಣತನದ್ದೇ. ಆದ್ರೆ ಸಂದಿಯ ಬಾಯಿಗೆ ಸ್ಟೀಲ್ ಜಾಲರಿ ಹಾಕ್ಸಿರಲಿಲ್ಲ, ಕಣಜ ಗೂಡು ಕಟ್ಟಿ ಕೂತ್ಕೊಂಡ್ವು. ಜೊತೆಗೆ ಅದೇ ಸಂದಿ ಬೆಂಕಿಗೆ ಚಿಮಣಿ. ಲಂಡನ್ನಿನ ಗ್ರೆನ್‌ಫೆಲ್ ಟವರಲ್ಲಿ 2017ರ ಜೂನ್ 14ರಂದು 72 ಜನ ಸತ್ರಲ್ಲ, ಅಲ್ಲಿ ಬೆಂಕಿ ಹಬ್ಬೋಕೆ ಮುಖ್ಯ ಕಾರಣ ಪಾಲಿಎಥಿಲೀನ್ ತುಂಬಿದ್ದ ಅಲ್ಯೂಮಿನಿಯಂ ಪ್ಯಾನೆಲ್ಲು, ಹಿಂದೆ ಉರಿಯೋ ಇನ್ಸುಲೇಷನ್ನು, ಗಾಳಿ ಸಂದಿ ಎಲ್ಲಾ ಸೇರ್ಕೊಂಡಿತ್ತು. ಭಾವನ ಮನೆ ಒಂದೇ ಅಂತಸ್ತು, ಮುಚ್ಚಿರೋದು ಸಿಮೆಂಟ್ ಬೋರ್ಡು, ಅದು ಹತ್ತಿ ಉರಿಯಲ್ಲ, ಆದ್ರೂ ಕಿಟಕಿ ಮೇಲ್ಗಡೆ ಸಂದಿಗೆ ಅಡ್ಡ ರಾಕ್‌ವೂಲ್ ಪಟ್ಟಿ ಹಾಕ್ಸಿ ಅಂತ ಹೇಳಿದೀನಿ. ನಾನು ತೆಳು ಪ್ಲಾಸ್ಟರ್ ಆರಿಸಿದ್ದು ಜಾಗ ಇಲ್ದೆ, ನಮ್ಮ ಸೈಡ್ ಓಣೀಲಿ ಇನ್ನೆರಡು ಇಂಚು ಹೋದ್ರೆ ಬೈಕ್ ಹೋಗಲ್ಲ.

ಕೊನೆಗೆ ಬಣ್ಣ. ಮಗಳಿಗೆ ಕಡು ಬೂದು ಬೇಕಿತ್ತು, ಈಗ ಎಲ್ಲಾ ಹೊಸ ಮನೆಗಳದ್ದೂ ಅದೇ. ಫೋಮ್ ಇಲ್ಲದ ಇಟ್ಟಿಗೆ ಗೋಡೆಗಾದ್ರೆ ಬಳೀಬಹುದು, ಕಾದ ಬಿಸಿ ಗೋಡೆ ಒಳಗೆ ಹಂಚಿ ಹೋಗುತ್ತೆ. ಇಲ್ಲಿ ಐದು ಮಿಲಿಮೀಟರ್ ಪದರ, ಹಿಂದೆ ಬಿಸಿಗೆ ದಾರಿ ಇಲ್ಲ, ಏಪ್ರಿಲ್ ಮಧ್ಯಾಹ್ನ ಕಡು ಬಣ್ಣದ ಮೇಲ್ಮೈ ಫೋಮ್ ಮೆತ್ತಗಾಗೋ ಮಟ್ಟಕ್ಕೆ ಹತ್ರ ಹೋಗುತ್ತೆ, ಸಂಜೆ ಮಳೆ ಬಿದ್ರೆ ಒಂದೇ ಸಲಕ್ಕೆ ತಣ್ಣಗಾಗಿ ಬಿರುಕು. ತಿಳಿ ಬಣ್ಣ, ಹೊರಗೋಡೆಗೆ ಅಂತಲೇ ಬರೋ ಎಮಲ್ಷನ್, ಎಣ್ಣೆ ಪೇಂಟ್ ಕೂಡದು. ತಿಳಿ ಕೆನೆ ಬಣ್ಣಕ್ಕೆ ಒಪ್ಪಂದ ಆಯ್ತು, ಬೂದು ಗೇಟಿಗೆ ಹೋಯ್ತು. ವರ್ಷಕ್ಕೊಂದು ಸಲ, ಯುಗಾದಿ ಆದ್ಮೇಲೆ ಮೇ ಮಳೆಗೆ ಮುಂಚೆ, ಏಣಿ ಹಾಕಿ ಕಿಟಕಿ ಸೀಲೆಂಟು, ಸಿಲ್ಲು, ಕೋಪಿಂಗ್ ನೋಡ್ಬೇಕು, ಗೋಡೆ ಉದ್ದಕ್ಕೂ ಬೆರಳ ಗೆಣ್ಣಲ್ಲಿ ಕುಟ್ಟಿ ಎಲ್ಲಾದ್ರೂ ಸದ್ದು ಬದಲಾದ್ರೆ ಅಲ್ಲಿ ಗುರುತು ಹಾಕ್ಬೇಕು. ಸಣ್ಣ ಗುದ್ದು ಬಿದ್ದಿದ್ರೆ ಆ ತುಂಡು ಕೊಯ್ದು ತೆಗೆದು ಹೊಸ ಫೋಮ್ ಕೂರಿಸಿ ಮೆಶ್ ನಾಲ್ಕು ಇಂಚು ಹತ್ತಿಸಿ ತೇಪೆ ಹಾಕ್ಬಹುದು, ಅದಕ್ಕೇ ಅಂತ ಎರಡು ಬೋರ್ಡು, ಒಂದು ಸುತ್ತು ಮೆಶ್, ಅರ್ಧ ಚೀಲ ಬೇಸ್ ಕೋಟ್ ಸ್ಟೋರ್ ರೂಮಲ್ಲಿ ಬಿಸಿಲು ಬೀಳದ ಕಡೆ ಇಟ್ಟಿದೀನಿ. ಬೇಸ್ ಕೋಟ್ ಚೀಲಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತೆ, ಅದನ್ನೂ ನೋಡ್ಕೊಳ್ಳಿ.